ತಿಳಿಯದಿರುವ ಹದಿನೈದು ದಿನ

ಆಸ್ಪತ್ರೆಯ ರೋಗಿಗಳಿಗೆ ತಮ್ಮ ಮಾತ್ರೆಗಳ ಬಗ್ಗೆ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ತಿಳಿವಳಿಕೆ ಇದೆ ಎಂಬ ಗಂಭೀರ ಲೋಪವು ಆ ವರ್ಷದ ಮೊದಲ ಸಮೀಕ್ಷೆಯಲ್ಲಿ ಅಧಿಕಾರಿಗಳ ಗಮನಕ್ಕೆ ಬಂದಿತು. ಲೋಪಕ್ಕೆ ಕಾರಣ ಯಾರೆಂದು ಪತ್ತೆ ಹಚ್ಚಲು ಸಮಿತಿಯನ್ನೇನೂ ನೇಮಿಸಬೇಕಾಗಲಿಲ್ಲ. ಔಷಧಿ ವಿಭಾಗದ ಮೂರನೆಯ ಕಿಟಕಿಯ ಮುಂದೆ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿತ್ತು. ಒಂದನೆಯ, ಎರಡನೆಯ ಕಿಟಕಿಗಳಲ್ಲಿ ನೊಣ ಹೊಡೆಯುತ್ತ ಕೂತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಮೂರನೆಯ ಕಿಟಕಿಯೊಳಗೆ ಕೂರುವವರ ಅಧಿಕೃತ ಪದನಾಮ ‘ಔಷಧಿ ವಿತರಕರು, ದರ್ಜೆ ಎರಡು’. ಜನರ ಬಾಯಲ್ಲಿ ಅವರು ಮಾತ್ರೆ ಮೇಷ್ಟ್ರು. ಕಿಟಕಿ ಕಟ್ಟಿದವನು ರೋಗಿಗಳೆಲ್ಲ ಎಂಟು ವರ್ಷದವರು ಎಂದು ತಿಳಿದಿದ್ದನೋ ಏನೋ, ಸೊಂಟ ಬಗ್ಗಿಸದೆ ಅದರಲ್ಲಿ ಮುಖ ತೋರಿಸುವಂತಿರಲಿಲ್ಲ. ಒಳಗೆ ಮೇಷ್ಟ್ರ ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲು. ಪೊಟ್ಟಣದ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯುತ್ತಿದ್ದರು. ಊಟಕ್ಕೆ ಮುಂಚಿನದಾದರೆ ಖಾಲಿ ತಟ್ಟೆ, ಆಮೇಲಿನದಾದರೆ ತುಂಬಿದ ತಟ್ಟೆ. ಚಿತ್ರ ಬಿಡಿಸಿ ಸುಮ್ಮನಾಗುವ ಆಸಾಮಿಯೂ ಅಲ್ಲ. “ಈಗ ನೀವು ನನಗೆ ಹೇಳಿ” ಎನ್ನುತ್ತಿದ್ದರು. ರೋಗಿ ತಪ್ಪಿ ಹೇಳಿದರೆ, “ತಪ್ಪು ನಿಮ್ಮದಲ್ಲ, ನಾನೇ ಸರಿಯಾಗಿ ಹೇಳ್ಲಿಲ್ಲ” ಎಂದು ಮತ್ತೆ ಮೊದಲಿನಿಂದ. ಹಿಂದೆ ನಿಂತವರು ಗೊಣಗುತ್ತಿದ್ದರು, ತಮ್ಮ ಸರದಿ ಬಂದಾಗ ಮಾತ್ರ ಎರಡು ಸಲ ಹೇಳಿಸಿಕೊಂಡೇ ಹೋಗುತ್ತಿದ್ದರು.

ಮೇಷ್ಟ್ರಿಗೆ ಈ ಗೀಳು ಹತ್ತಲು ಕಾರಣವಿತ್ತು. ಅವರು ಇನ್ನೂ ಓದುತ್ತಿದ್ದಾಗ ಇಂಥದ್ದೇ ಒಂದು ಕಿಟಕಿಯಲ್ಲಿ ಅವರ ತಾಯಿಗೆ ಎರಡು ಪೊಟ್ಟಣ ಕೊಟ್ಟು, “ಚೀಟಿಯಲ್ಲಿ ಬರೆದ ಹಾಗೆ ತಗೊಳ್ಳಿ” ಎಂದು ಕಳಿಸಿದ್ದರು. ತಾಯಿಗೆ ಓದಲು ಬರುತ್ತಿರಲಿಲ್ಲ, ಅದನ್ನು ಹೇಳಿಕೊಳ್ಳಲು ನಾಚಿಕೆ. ಹನ್ನೊಂದು ದಿನ ರಾತ್ರಿಯ ಮಾತ್ರೆಯನ್ನು ಬೆಳಗ್ಗೆ ನುಂಗಿ, ಹನ್ನೆರಡನೆಯ ದಿನ ಜೋಂಪು ಹತ್ತಿ ಮೆಟ್ಟಿಲ ಮೇಲಿಂದ ಬಿದ್ದರು. ಆಮೇಲೆ ಸಾಯುವವರೆಗೂ ಕೋಲಿಲ್ಲದೆ ನಡೆಯಲಿಲ್ಲ. ಹಾಗಾಗಿ ಆ ಒಂದು ವಾಕ್ಯವನ್ನು ಮೇಷ್ಟ್ರು ತಮ್ಮ ಕಿಟಕಿಯಲ್ಲಿ ಒಮ್ಮೆಯೂ ಹೇಳಿದವರಲ್ಲ.

ಆ ವರ್ಷ ಇಲಾಖೆಯು ‘ಸಮಗ್ರ ಆರೋಗ್ಯ ಅರಿವು ವೃದ್ಧಿ ಯೋಜನೆ’ಯನ್ನು ಪ್ರಕಟಿಸಿತು. ಆಯ್ಕೆಯಾದ ಆಸ್ಪತ್ರೆಗೆ ಧ್ವನಿವರ್ಧಕವಿರುವ ಒಂದು ವಾಹನ, ಹತ್ತು ಸಾವಿರ ಕಿರುಹೊತ್ತಗೆ, ಅಧೀಕ್ಷಕರ ಕೋಣೆಗೆ ತಂಪು ಯಂತ್ರ ಮತ್ತು ತಿರುಗುವ ಕುರ್ಚಿ. ಜನರ ಅರಿವಿಗೂ ಕುರ್ಚಿ ತಿರುಗುವುದಕ್ಕೂ ಇರುವ ಸಂಬಂಧವನ್ನು ಯೋಜನೆಯ ಒಂಬತ್ತನೆಯ ಪುಟದಲ್ಲಿ ವಿವರಿಸಲಾಗಿತ್ತು. ಅಧೀಕ್ಷಕರು ಕೆಟ್ಟವರಲ್ಲ. ಅವರು ಇಡೀ ಸೇವಾವಧಿಯಲ್ಲಿ ಯಾರಿಗೂ ಕೈಯಾರೆ ತೊಂದರೆ ಕೊಟ್ಟವರಲ್ಲ, ಎಲ್ಲವನ್ನೂ ಸುತ್ತೋಲೆಯ ಮೂಲಕವೇ ಕೊಟ್ಟವರು.

ಯೋಜನೆಯ ಏಳನೆಯ ಷರತ್ತು ಹೀಗಿತ್ತು: ‘ರೋಗಿಗಳ ತಿಳಿವಳಿಕೆಯು ಆರಂಭಿಕ ಮಟ್ಟಕ್ಕಿಂತ ಕನಿಷ್ಠ ಅರವತ್ತು ಅಂಶಗಳಷ್ಟು ಏರತಕ್ಕದ್ದು.’ ಆರಂಭಿಕ ಮಟ್ಟ ಅಳೆಯಲು ಇಲಾಖೆಯಿಂದ ಒಬ್ಬ ಸಮೀಕ್ಷಕಿ ಬಂದಳು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಳ್ಳುವ ದೌರ್ಬಲ್ಯವಿತ್ತು. ಅವಳ ವರದಿಯ ಪ್ರಕಾರ ನೂರಕ್ಕೆ ತೊಂಬತ್ತಾರು ರೋಗಿಗಳಿಗೆ ತಮ್ಮ ಮಾತ್ರೆ ಯಾವುದು, ಯಾವಾಗ, ಯಾಕೆ ಎಂಬುದು ಗೊತ್ತಿತ್ತು.

ಅಧೀಕ್ಷಕರು ಮೇಷ್ಟ್ರನ್ನು ಕೋಣೆಗೆ ಕರೆಸಿದರು.

“ತೊಂಬತ್ತಾರಕ್ಕೆ ಅರವತ್ತು ಸೇರಿಸಿದ್ರೆ ಎಷ್ಟಾಗತ್ತೆ?”

“ನೂರ ಐವತ್ತಾರು ಸರ್.”

“ನೂರಕ್ಕೆ ನೂರ ಐವತ್ತಾರು ತಿಳಿವಳಿಕೆ ಬಂದ್ರೆ ರೋಗಿ ಡಾಕ್ಟರಿಗಿಂತ ಮುಂದೆ ಹೋಗ್ತಾನೆ. ಆಮೇಲೆ ಸ್ಟೆತಾಸ್ಕೋಪು ಅವನ ಕುತ್ತಿಗೆಗೆ ಹಾಕ್ಬೇಕಾಗತ್ತೆ. ಎಷ್ಟು ವರ್ಷದಿಂದ ನಡೀತಿದೆ ಈ ಸೂರ್ಯ, ಚಂದ್ರ?”

“ಹತ್ತೊಂಬತ್ತು ವರ್ಷ ಸರ್.”

“ಯಾರ ಅನುಮತಿ ಮೇಲೆ?”

“ಅವರು ಕೇಳಿದ್ರು, ನಾನು ಹೇಳ್ದೆ ಸರ್.”

“ಅದೇ ತಪ್ಪಾಗಿದ್ದು” ಎಂದು ಅಧೀಕ್ಷಕರು ಮೃದುವಾಗಿಯೇ ಹೇಳಿದರು. “ಎಲ್ಲಾ ನೀವೇ ಹೇಳ್ಬಿಟ್ರೆ ಯೋಜನೆ ಬಂದು ಏನು ಹೇಳ್ಬೇಕು?”

ಮರುದಿನ ಸುತ್ತೋಲೆ ಹೊರಟಿತು. ‘ಅರಿವು ಮೂಡಿಸುವ ಕಾರ್ಯಕ್ರಮದ ಹಿತದೃಷ್ಟಿಯಿಂದ, ಸದರಿ ಕಾರ್ಯಕ್ರಮವು ಉದ್ಘಾಟನೆಯಾಗುವವರೆಗೆ ಆಸ್ಪತ್ರೆಯ ಆವರಣದಲ್ಲಿ ಯಾರೂ ಯಾರಿಗೂ ಅರಿವು ಮೂಡಿಸತಕ್ಕದ್ದಲ್ಲ. ಔಷಧಿ ವಿತರಕರು ಪೊಟ್ಟಣದ ಮೇಲೆ ಆಕಾಶಕಾಯಗಳನ್ನಾಗಲಿ ಪಾತ್ರೆಪಡಗಗಳನ್ನಾಗಲಿ ಚಿತ್ರಿಸತಕ್ಕದ್ದಲ್ಲ. ವಿಚಾರಿಸಿದವರಿಗೆ “ಚೀಟಿಯಲ್ಲಿ ಬರೆದ ಹಾಗೆ ತಗೊಳ್ಳಿ” ಎಂದಷ್ಟೇ ತಿಳಿಸತಕ್ಕದ್ದು. ಎರಡು ವಾರಗಳ ನಂತರ ಮರುಸಮೀಕ್ಷೆ ನಡೆಯಲಿದ್ದು, ಆಗಲೂ ತಿಳಿವಳಿಕೆ ಕಂಡುಬಂದಲ್ಲಿ ಮೂರನೆಯ ಕಿಟಕಿಯ ವಿತರಕರನ್ನು ಹಿಂಬದಿಯ ಉಗ್ರಾಣಕ್ಕೆ ವರ್ಗಾಯಿಸಿ, ಅವರ ಸ್ಥಾನದಲ್ಲಿ ಮೇಲ್ಕಂಡ ವಾಕ್ಯವನ್ನು ಹೇಳುವ ಯಂತ್ರವನ್ನು ಅಳವಡಿಸಲಾಗುವುದು.’

ಉಗ್ರಾಣದಲ್ಲಿ ಇಲಿ ಇದ್ದವು, ಅದಕ್ಕೆ ಮೇಷ್ಟ್ರು ಹೆದರಲಿಲ್ಲ. ಕಿಟಕಿಯಲ್ಲಿ ಹಗಲೆಲ್ಲ ಆ ವಾಕ್ಯ ಹೇಳುತ್ತ ಒಂದು ಯಂತ್ರ ಕೂತಿರುತ್ತದೆ, ಯಾರದೋ ತಾಯಿ ಅದರ ಮುಂದೆ ಬಗ್ಗಿ ನಿಂತು, ಹೂಂ ಎಂದು ತಲೆಯಾಡಿಸಿ ಹೋಗುತ್ತಾಳೆ. ಅದನ್ನು ನೆನೆದೇ ಅವರಿಗೆ ಊಟ ಸೇರಲಿಲ್ಲ.

“ಸುಮ್ನಿರೋದಕ್ಕೂ ಸಂಬಳ ಕೊಡ್ತಾರಲ್ಲಾ, ಏನು ಕಷ್ಟ?” ಎಂದು ಹೆಂಡತಿ ಕೇಳಿದಳು. ಆಮೇಲೆ ಅವರ ಮುಖ ನೋಡಿ ತಟ್ಟೆ ಎತ್ತಿಟ್ಟಳು.

ಮೌನದ ಮೊದಲ ದಿನ ಕಿಟಕಿಗೆ ಮೊದಲು ಬಗ್ಗಿದವಳು ದರ್ಜಿ ಅಜ್ಜಿ. ಆಸ್ಪತ್ರೆಯ ಎದುರು ಬೀದಿಯಲ್ಲಿ ಮೆಟ್ಟಿಲಷ್ಟು ಅಗಲದ ಅಂಗಡಿಯಲ್ಲಿ ಕೂತು ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಳು. ಅವಳಿಗೆ ಎರಡು ಮಾತ್ರೆ. ಒಂದು ಹೃದಯಕ್ಕೆ, ಬೆಳಗ್ಗೆ. ಇನ್ನೊಂದು ನಿದ್ದೆಗೆ, ರಾತ್ರಿ. ಎರಡೂ ಬಿಳಿ, ಎರಡೂ ಸಣ್ಣವು, ಅಕ್ಕತಂಗಿಯರ ಹಾಗೆ. ಮೇಷ್ಟ್ರು ಬರಿಯ ಪೊಟ್ಟಣಗಳನ್ನು ಮುಂದಿಟ್ಟರು.

“ಸೂರ್ಯ ಎಲ್ಲಪ್ಪಾ?”

“ಚೀಟಿಯಲ್ಲಿ ಬರೆದ ಹಾಗೆ ತಗೊಳ್ಳಿ ಅಜ್ಜಿ.” ಮೇಷ್ಟ್ರು ಹಲ್ಲು ಕಚ್ಚಿಕೊಂಡೇ ಹೇಳಿದರು.

“ಯಾಕೋ ಹೀಗಾಡ್ತೀಯಾ? ಹಲ್ಲು ನೋವಾ?”

ಮೇಷ್ಟ್ರು ಗೋಡೆಯ ಮೇಲಿನ ಸುತ್ತೋಲೆಯತ್ತ ಕಣ್ಣು ತೋರಿಸಿದರು. ಅಜ್ಜಿಗೆ ಓದು ಬಾರದು. ಹಿಂದೆ ನಿಂತಿದ್ದ ಲಾರಿ ಡ್ರೈವರಿಗೆ, “ಗಟ್ಟಿಯಾಗಿ ಓದೋ” ಎಂದಳು. ಅವನು ದಾರಿಬದಿಯ ಫಲಕ ಓದುವವನ ಹಾಗೆ ಗಟ್ಟಿಯಾಗಿಯೇ ಓದಿದ. ಇಡೀ ಸಾಲು ಕೇಳಿಸಿಕೊಂಡಿತು.

“ಅಂದ್ರೆ, ನೀನು ನಮಗೆ ಹೇಳಿಕೊಟ್ರೆ ನಿನ್ನ ಉಗ್ರಾಣಕ್ಕೆ ಹಾಕ್ತಾರೆ?”

“ಹೌದು ಅಂತ ಹೇಳಿದ್ರೂ ಅರಿವು ಮೂಡಿಸಿದ ಹಾಗಾಗತ್ತೆ ಅಜ್ಜಿ.”

ಮೇಷ್ಟ್ರು ಪೊಟ್ಟಣಗಳನ್ನು ಮತ್ತೆ ಕೈಗೆತ್ತಿಕೊಂಡು, ಒಂದನ್ನು ಅವಳ ಎಡಗೈಯಲ್ಲಿಟ್ಟು ಬೆರಳು ಮಡಚಿದರು. ಇನ್ನೊಂದನ್ನು ಬಲಗೈಯಲ್ಲಿಟ್ಟು ಮಡಚಿದರು. ಎಡಗಡೆಯ ಗೋಡೆಯ ಜಾಲಂಧ್ರದಿಂದ ಬೆಳಗಿನ ಬಿಸಿಲು ಬೀಳುತ್ತಿತ್ತು. ಅಜ್ಜಿ ಬಿಸಿಲು ನೋಡಿದಳು, ಎಡಗೈ ನೋಡಿದಳು. ಪೊಟ್ಟಣವನ್ನು ಯಾವ ಕೈಗೆ ಕೊಡಬೇಕೆಂಬ ಬಗ್ಗೆ ಸುತ್ತೋಲೆಯಲ್ಲಿ ಏನೂ ಇರಲಿಲ್ಲ.

ಅವತ್ತಿನಿಂದ ಅಜ್ಜಿ ಅಂಗಡಿಯ ಕೆಲಸವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಬಂದು ಔಷಧಿ ವಿಭಾಗದ ಬೆಂಚಿನ ಮೇಲೆ ಕೂತಳು. ರೋಗಿಗಳು ಎರಡೂ ಮುಷ್ಟಿ ಬಿಗಿ ಹಿಡಿದು, ಕುಸ್ತಿಗೆ ಇಳಿದವರ ಹಾಗೆ ಕಿಟಕಿಯಿಂದ ಬೆಂಚಿಗೆ ಬರುತ್ತಿದ್ದರು. ಎಡಮುಷ್ಟಿಯ ಪೊಟ್ಟಣಕ್ಕೆ ಅಜ್ಜಿ ಹಳದಿ ದಾರದಲ್ಲಿ ಒಂದು ಹೊಲಿಗೆ ಹಾಕಿದಳು, ಬಲಮುಷ್ಟಿಯದಕ್ಕೆ ಕಪ್ಪು ದಾರದಲ್ಲಿ. ಮಧ್ಯಾಹ್ನದ ಮಾತ್ರೆ ಇದ್ದರೆ ಮೇಷ್ಟ್ರು ಅದನ್ನು ಕಿಟಕಿಯಿಂದ ಕೈ ಚಾಚಿ ರೋಗಿಯ ಜೇಬಿಗೇ ಹಾಕುತ್ತಿದ್ದರು. ಅದಕ್ಕೆ ಕೆಂಪು ದಾರ. ಹೊಲಿದಾದ ಮೇಲೆ ಅಜ್ಜಿ, “ಈಗ ನೀನು ನನಗೆ ಹೇಳು” ಎನ್ನುತ್ತಿದ್ದಳು. ತಪ್ಪಿದರೆ ಕಿಟಕಿಯೊಳಗಿಂದ ಒಂದು ಕೆಮ್ಮು ಬರುತ್ತಿತ್ತು. ಸಿಬ್ಬಂದಿ ಕೆಮ್ಮಬಾರದೆಂದು ನಿಯಮವಿಲ್ಲ, ಅದರಲ್ಲೂ ಆಸ್ಪತ್ರೆಯಲ್ಲಿ.

ಮರುಸಮೀಕ್ಷೆಯಲ್ಲಿ ತಿಳಿವಳಿಕೆ ತೊಂಬತ್ತೆಂಟಕ್ಕೆ ಏರಿತ್ತು. ಪೆನ್ಸಿಲಿನ ಚಂದ್ರ ಬೆವರಿಗೆ ಅಳಿಸಿಹೋಗುತ್ತಿದ್ದ, ದಾರ ಅಳಿಸಲಿಲ್ಲ. ವರದಿಯ ಅಂಚಿನಲ್ಲಿ ಅಧೀಕ್ಷಕರು ಕೆಂಪು ಶಾಯಿಯಲ್ಲಿ, ‘ಅಜ್ಞಾನವನ್ನು ಕಾಪಾಡುವಲ್ಲಿ ಸಿಬ್ಬಂದಿ ಸಂಪೂರ್ಣ ವಿಫಲ’ ಎಂದು ಷರಾ ಬರೆದರು. ಮೇಷ್ಟ್ರ ವರ್ಗಾವಣೆ ಆದೇಶ ಬೆರಳಚ್ಚಾಯಿತು. ಸಹಿಗೆ ಮುಂಚೆ, ನಿಯಮದಂತೆ, ‘ಅನಧಿಕೃತ ತಿಳಿವಳಿಕೆ ಹೊಂದಿರುವ ಹಾಗೂ ಹಂಚಿರುವ’ ಆರೋಪದ ಮೇಲೆ ದರ್ಜಿ ಅಜ್ಜಿಯನ್ನು ವಿಚಾರಣೆಗೆ ಕರೆಯಲಾಯಿತು. ಅಜ್ಜಿ ಬುಟ್ಟಿಯ ಸಮೇತ ಹೋದಳು. ಮೇಷ್ಟ್ರು ಬಾಗಿಲ ಪಕ್ಕ ನಿಂತರು.

“ಅಜ್ಜೀ, ಇದನ್ನೆಲ್ಲ ನಿಮಗೆ ಹೇಳಿಕೊಟ್ಟೋರು ಯಾರು?”

“ನನ್ನ ಮಾತ್ರೆ ನನಗೆ ಗೊತ್ತಿರಬಾರ್ದೇನಪ್ಪಾ?”

“ಗೊತ್ತಿರ್ಬೇಕು. ಖಂಡಿತ ಗೊತ್ತಿರ್ಬೇಕು. ಅದಕ್ಕೇ ತಾನೇ ಇಷ್ಟು ದೊಡ್ಡ ಯೋಜನೆ? ಆದ್ರೆ ಉದ್ಘಾಟನೆ ಆದ ಮೇಲೆ.”

“ಅಲ್ಲೀವರೆಗೆ ಮಾತ್ರೆ ತಗೋಬಾರ್ದಾ?”

“ತಗೊಳ್ಳಿ, ಬೇಡ ಅಂದೋರ್ಯಾರು? ತಿಳ್ಕೊಂಡು ತಗೋಬೇಡಿ, ಅಷ್ಟೇ.”

ಅಜ್ಜಿ ತಂಪು ಯಂತ್ರಕ್ಕೆಂದು ಗೋಡೆಯಲ್ಲಿ ಆಗಲೇ ಕೊರೆದಿದ್ದ ತೂತು ನೋಡಿದಳು, ಮೇಜಿನ ಮೇಲಿದ್ದ ಆದೇಶ ನೋಡಿದಳು. “ಅದರಲ್ಲಿ ಇವನ ಹೆಸರಿದೆಯಾ?” ಎಂದಳು.

“ಇದೆ.”

“ನೋಡಪ್ಪಾ, ನನ್ನ ಗಿರಾಕಿ ಮೈ ಬೆಳೆಸ್ಕೊಂಡು ಬಂದು ಅಂಗಿ ಕುಗ್ಗಿತು ಅಂತಾನೆ. ಹೌದಪ್ಪಾ ಕುಗ್ಗಿತು ಅಂತೀನಿ. ಅಳತೆ ಮಾತ್ರ ಹೊಸದಾಗಿ ತಗೋತೀನಿ. ನಿನಗೆ ಬೇಕಾಗಿರೋದು ನಮಗೇನೂ ಗೊತ್ತಿಲ್ಲ ಅನ್ನೋ ಕಾಗದ ತಾನೇ? ಮೊದಲೇ ಹೇಳಿದ್ರೆ ಇಷ್ಟು ದಾರ ಉಳೀತಿತ್ತು. ಗೊತ್ತಿಲ್ಲ ಅಂತ ಬರೆಸ್ತೀವಿ. ಇವನನ್ನ ಕಿಟಕಿಯಿಂದ ಏಳಿಸ್ಬೇಡ.”

ಅಧೀಕ್ಷಕರು, ಕಾಗದದಲ್ಲಿ ಎಲ್ಲ ಸರಿಯಿದ್ದರೆ ಕಿವಿಯ ಮೇಲಿನ ಪೆನ್ಸಿಲು ತಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದೇಶ ಖಾನೆಯೊಳಗೆ ಹೋಯಿತು. ಹರಿಯಲಿಲ್ಲ, ಖಾನೆಯೊಳಗೆ ಹೋಯಿತು ಅಷ್ಟೆ.

ಮೇಷ್ಟ್ರಿಗೆ ಇದು ರುಚಿಸಲಿಲ್ಲ. ತಮ್ಮ ದೆಸೆಯಿಂದ ನಾನೂರು ಜನ ಸುಳ್ಳು ಹೇಳುವುದೇ ಎಂದು ನಾಚಿಕೆಪಟ್ಟರು. “ಸುಳ್ಳು ನನ್ನ ಬಾಯಿಗೆ, ಮಾತ್ರೆ ನನ್ನ ಹೊಟ್ಟೆಗೆ. ನಿನಗೇನೋ?” ಎಂದು ಅಜ್ಜಿ ಗದರಿಸಿದಳು.

ಗೊತ್ತಿಲ್ಲದಂತೆ ಇರುವುದು ಸುಲಭವಲ್ಲವೆಂದು ಅಭ್ಯಾಸದ ಮೊದಲ ದಿನವೇ ತಿಳಿಯಿತು. ಸಮೀಕ್ಷಕಿಯ ಹಾಗೆ ಮೇಷ್ಟ್ರೇ ಪ್ರಶ್ನೆ ಕೇಳಿದರು. ಲಾರಿ ಡ್ರೈವರು ಎದೆ ಸೆಟೆಸಿ, “ಗೊತ್ತಿಲ್ಲ. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಒಂದು ತಗೋಬೇಕು ಅನ್ನೋದೂ ಗೊತ್ತಿಲ್ಲ” ಎಂದ. ಹಣ್ಣು ಮಾರುವವಳು ಮಾತ್ರೆಯನ್ನು ಕಿವಿಯೊಳಗೆ ಹಾಕಿಕೊಳ್ಳುವುದಾಗಿ ಹೇಳಿ, ಎಲ್ಲರಿಂದ ಶಹಬಾಸ್ ಪಡೆದಳು. ತಪ್ಪು ಉತ್ತರ ಹೇಳಬೇಕಾದರೆ ಸರಿ ಉತ್ತರ ಯಾವುದೆಂದು ಗಟ್ಟಿಯಾಗಿ ಗೊತ್ತಿರಬೇಕು, ಇಲ್ಲವಾದರೆ ಬಾಯಿತಪ್ಪಿ ಸರಿಯಾದದ್ದೇ ಬಂದುಬಿಡುವ ಅಪಾಯ. ಹೀಗಾಗಿ ಈವರೆಗೆ ಅಲ್ಪಸ್ವಲ್ಪ ಗೊಂದಲವಿದ್ದ ಏಳೆಂಟು ಜನರೂ ಆ ವಾರ ತಮ್ಮ ಮಾತ್ರೆಗಳನ್ನು ಬಾಯಿಪಾಠ ಮಾಡಿದರು.

ಮೂರನೆಯ ಸಮೀಕ್ಷೆಗೆ ಬಂದ ಹುಡುಗಿ ಒಂದೊಂದು ಉತ್ತರಕ್ಕೂ ಕಣ್ಣರಳಿಸಿದಳು. “ಅಜ್ಜೀ, ಹದಿನೈದು ದಿನದ ಹಿಂದೆ ನೀವೇ ಎಲ್ಲಾ ಸರಿಯಾಗಿ ಹೇಳಿದ್ರಿ.”

“ಆಗ ಗೊತ್ತಿತ್ತು. ಈಗ ದಿಂಬಿನ ಕೆಳಗಿಟ್ಟು ಮಲಗ್ತೀನಿ, ಅಷ್ಟೇ.”

“ನಿಜ ಹೇಳಿ ಅಜ್ಜಿ.”

“ನಿಜ ಬೇಕಾದ್ರೆ ಉದ್ಘಾಟನೆ ಆದ ಮೇಲೆ ಬಾ ಮಗಳೇ.”

ಹುಡುಗಿ ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡಳು. ನಮೂನೆಯಲ್ಲಿ ಸುಳ್ಳಿಗೆಂದು ಬೇರೆ ಅಂಕಣವಿರಲಿಲ್ಲ. ತಿಳಿವಳಿಕೆ ನೂರಕ್ಕೆ ನಾಲ್ಕು. ಅಧೀಕ್ಷಕರ ಕೋಣೆಯಲ್ಲಿ ಚಹಾ ಹಂಚಲಾಯಿತು.

ಯೋಜನೆ ಉದ್ಘಾಟನೆಯಾಯಿತು. ವಾಹನ ಬೀದಿ ಬೀದಿ ತಿರುಗಿತು. ಕಿರುಹೊತ್ತಗೆಯಲ್ಲಿ ಅರವತ್ತನಾಲ್ಕು ಪುಟ. ನಲವತ್ತೊಂದನೆಯ ಪುಟದವರೆಗೆ ಗಣ್ಯರ ಸಂದೇಶಗಳು ಭಾವಚಿತ್ರ ಸಮೇತ ಇದ್ದವು. ನಲವತ್ತೆರಡನೆಯ ಪುಟದಲ್ಲಿ, ‘ಔಷಧಿಯನ್ನು ಚೀಟಿಯಲ್ಲಿ ಬರೆದ ಹಾಗೆ ಸೇವಿಸತಕ್ಕದ್ದು’ ಎಂಬ ಅರಿವು. ಹೊತ್ತಗೆಯಿಂದ ಜನರಿಗೆ ಬಹಳ ಉಪಯೋಗವಾಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ತಿಂಗಳು ಪೊಟ್ಟಣದ ಕಾಗದ ಮುಗಿದುಹೋಗಿತ್ತು. ಮೇಷ್ಟ್ರು ಹಾಳೆ ಹರಿದು ಪೊಟ್ಟಣ ಕಟ್ಟಿ, ಅಧೀಕ್ಷಕರ ಭಾವಚಿತ್ರದ ವಿಶಾಲವಾದ ಹಣೆಯ ಮೇಲೆ ಸೂರ್ಯನನ್ನು ಬರೆದರು.

ಅಂತಿಮ ಸಮೀಕ್ಷೆಯಲ್ಲಿ ರೋಗಿಗಳು ನಿಜ ಹೇಳಿದರು. ತಿಳಿವಳಿಕೆ ತೊಂಬತ್ತೊಂಬತ್ತು. ಎಂಟು ವಾರದಲ್ಲಿ ತೊಂಬತ್ತೈದು ಅಂಶ ಏರಿದ್ದು ಇಲಾಖೆಯ ಇತಿಹಾಸದಲ್ಲೇ ಮೊದಲು. ಅಧೀಕ್ಷಕರಿಗೆ ಫಲಕ ಬಂತು, ಕುರ್ಚಿ ತಿರುಗಿತು. ಯೋಜನೆಯನ್ನು ಹನ್ನೊಂದನೆಯ ಷರತ್ತಿನ ಪ್ರಕಾರ ಪ್ರತಿ ವರ್ಷಕ್ಕೂ ಮುಂದುವರಿಸಲಾಯಿತು. ಪ್ರತಿ ವರ್ಷವೂ ಅರವತ್ತು ಅಂಶ ಏರಬೇಕು; ಏರಬೇಕಾದರೆ ಮೊದಲು ಇಳಿಯಬೇಕು. ಹಾಗಾಗಿ ವರ್ಷಕ್ಕೊಮ್ಮೆ ‘ಅಜ್ಞಾನ ಪಾಕ್ಷಿಕ’ವನ್ನು ಆಚರಿಸುವ ಸುತ್ತೋಲೆ ಬಂತು. ಆ ಹದಿನೈದು ದಿನ ಇಲಾಖೆಯವರು ಯಾವಾಗ ಬೇಕಾದರೂ ಬಂದು ನೋಡಬಹುದಾದ್ದರಿಂದ ಪೆನ್ಸಿಲು ಮೇಜಿನ ಖಾನೆಯಲ್ಲಿ, ದಾರ ಬೆಂಚಿನ ಮೇಲೆ. ಜನ ಬೇಗ ಹೊಂದಿಕೊಂಡರು. “ಈ ವರ್ಷ ಗೊತ್ತಿಲ್ಲದಿರೋದು ಯಾವತ್ತಿಂದ ಮೇಷ್ಟ್ರೇ?” ಎಂದು ಮೊದಲೇ ವಿಚಾರಿಸಿಕೊಂಡು, ದೂರದ ಊರಿಗೆ ಹೋಗುವವರು ಅದಕ್ಕೆ ಮುಂಚೆಯೇ ಮಾತ್ರೆ ಒಯ್ದರು. ಮೇಷ್ಟ್ರಿಗೂ ಅಭ್ಯಾಸವಾಯಿತು. ಉಳಿದ ಮುನ್ನೂರೈವತ್ತು ದಿನ ಕಿಟಕಿ ತಮ್ಮದೇ ಎಂಬ ಸಮಾಧಾನ ಅವರಿಗೆ ಸಾಕಾಗಿತ್ತು.

ಎರಡನೆಯ ವರ್ಷದ ಪಾಕ್ಷಿಕದ ಒಂಬತ್ತನೆಯ ದಿನ, ಮಧ್ಯಾಹ್ನ, ಮೂರನೆಯ ಕಿಟಕಿಯಲ್ಲಿ ಒಂದು ವಿಶಾಲವಾದ ಹಣೆ ಕಾಣಿಸಿತು. ಅಧೀಕ್ಷಕರು ಸೊಂಟ ಬಗ್ಗಿಸಿ ನಿಂತಿದ್ದರು. ಎದೆ ಬಿಗಿಯುತ್ತದೆಂದು ಬೆಳಗ್ಗೆ ಡಾಕ್ಟರು ನೋಡಿ ಚೀಟಿ ಬರೆದಿದ್ದರು. ಮುಖ ಬಿಳಿಚಿತ್ತು. ಮೇಷ್ಟ್ರು ಚೀಟಿ ನೋಡಿದರು. ಎರಡು ಮಾತ್ರೆ, ಎರಡೂ ಬಿಳಿ, ಎರಡೂ ಸಣ್ಣವು. ಒಂದನ್ನು ಎಡಗೈಯಲ್ಲಿಟ್ಟು ಬೆರಳು ಮಡಚಿದರು, ಇನ್ನೊಂದನ್ನು ಬಲಗೈಯಲ್ಲಿಟ್ಟು ಮಡಚಿದರು.

“ಇದರಲ್ಲಿ ಯಾವುದು ಯಾವಾಗ?” ಅಧೀಕ್ಷಕರು ಪಿಸುಗುಟ್ಟಿದರು.

ಮೇಷ್ಟ್ರು ಗೋಡೆಯ ಮೇಲಿನ ಸುತ್ತೋಲೆಯನ್ನೂ ಅದರ ಕೆಳಗಿನ ಸಹಿಯನ್ನೂ ನೋಡಿದರು. “ಇನ್ನೂ ಆರು ದಿನ ಇದೆ ಸರ್.”

“ನನ್ನ ಚೀಟಿ ನನಗೇ ಓದಕ್ಕಾಗ್ತಿಲ್ಲ ಕಣ್ರೀ. ಡಾಕ್ಟರು ಏನು ಗೀಚಿದಾರೋ! ಕೇಳೋಣ ಅಂದ್ರೆ, ಅಧೀಕ್ಷಕನಾಗಿ ಹೇಗೆ ಕೇಳ್ಲಿ?”

ಆ ಮಾತು ಮೇಷ್ಟ್ರ ಎದೆಗೆ ತಾಗಿತು. ಬಹಳ ವರ್ಷದ ಹಿಂದೆ ಕೇಳಲು ನಾಚಿ ಹೂಂ ಎಂದು ತಲೆಯಾಡಿಸಿ ಬಂದ ಇನ್ನೊಂದು ಮುಖ ಕಣ್ಣೆದುರು ಬಂತು. ಖಾನೆಗೆ ಕೈ ಹಾಕಿ ಪೆನ್ಸಿಲು ಹಿಡಿದೇಬಿಟ್ಟರು. ಅಷ್ಟರಲ್ಲಿ ಬೆಂಚಿನಿಂದ ದನಿ ಬಂತು.

“ಬಾಪ್ಪಾ ಇಲ್ಲಿ. ಕೂತ್ಕೋ. ಮುಷ್ಟಿ ಬಿಡಬೇಡ.”

ಅಧೀಕ್ಷಕರು ಎರಡೂ ಮುಷ್ಟಿ ಬಿಗಿ ಹಿಡಿದು ಹೋಗಿ ಕೂತರು. ಅಜ್ಜಿ ಹಳದಿ ದಾರ ಪೋಣಿಸಿ ಹೊಲಿದಳು, ಕಪ್ಪು ದಾರ ಪೋಣಿಸಿ ಹೊಲಿದಳು. ಹಳದಿ ಬೆಳಗ್ಗೆಗೆ, ಕಪ್ಪು ರಾತ್ರಿಗೆ ಎಂದು ಹೇಳಿದಳು. “ಈಗ ನೀನು ನನಗೆ ಹೇಳು.”

“ಕಪ್ಪು ಬೆಳಗ್ಗೆ...”

ಕಿಟಕಿಯೊಳಗಿಂದ ಕೆಮ್ಮು ಬಂತು.

“ತಪ್ಪು ನಿನ್ನದಲ್ಲ, ನಾನೇ ಸರಿಯಾಗಿ ಹೇಳ್ಲಿಲ್ಲ” ಎಂದು ಅಜ್ಜಿ ಮೊದಲಿನಿಂದ ಶುರು ಮಾಡಿದಳು. ಮೂರನೆಯ ಸಲಕ್ಕೆ ಅಧೀಕ್ಷಕರು ತಪ್ಪಿಲ್ಲದೆ ಹೇಳಿದರು. ಹೇಳಿ ಮುಗಿಸಿ, ಕಣ್ಣೊರೆಸಿಕೊಂಡು, “ಈ ವಯಸ್ಸಿನವರೆಗೆ ನನಗೆ ಯಾರೂ ಹೀಗೆ ಹೇಳಿಕೊಟ್ಟಿರ್ಲಿಲ್ಲ ಅಜ್ಜಿ” ಎಂದರು.

ಅದೇ ಹೊತ್ತಿಗೆ ಸಮೀಕ್ಷಕಿ ನಮೂನೆಗಳ ಕಟ್ಟು ಹಿಡಿದು ಬೆಂಚಿನ ಈ ತುದಿಯಿಂದ ಕೇಳುತ್ತ ಬಂದಳು. ಲಾರಿ ಡ್ರೈವರಿಗೆ ಗೊತ್ತಿರಲಿಲ್ಲ. ಹಣ್ಣಿನವಳು ಕಿವಿ ಮುಟ್ಟಿ ತೋರಿಸಿದಳು. ಹುಡುಗಿ ಅಧೀಕ್ಷಕರ ಮುಂದೆ ನಿಂತು ಒಂದು ಕ್ಷಣ ಅನುಮಾನಿಸಿದಳು. ಆದರೆ ರೋಗಿ ಎಂದರೆ ರೋಗಿ.

“ಸರ್, ನಿಮ್ಮ ಮಾತ್ರೆ ಯಾವಾಗ್ಯಾವಾಗ ತಗೋಬೇಕು ಅಂತ ನಿಮಗೆ ಗೊತ್ತಾ?”

ಬೆಂಚೆಲ್ಲ ಅವರತ್ತ ತಿರುಗಿತು. ಅಧೀಕ್ಷಕರು ಹಳದಿ ದಾರದ ಪೊಟ್ಟಣವನ್ನು ಎಡ ಜೇಬಿಗೆ, ಕಪ್ಪು ದಾರದ್ದನ್ನು ಬಲ ಜೇಬಿಗೆ ಜೋಪಾನವಾಗಿ ಹಾಕಿಕೊಂಡರು. ಕತ್ತುಪಟ್ಟಿ ಸರಿಮಾಡಿಕೊಂಡು, ನೆಟ್ಟಗೆ ಕೂತು, “ಗೊತ್ತಿಲ್ಲ” ಎಂದರು.

ಹುಡುಗಿ ಬರೆದುಕೊಂಡಳು. ಮೇಷ್ಟ್ರು ಪೆನ್ಸಿಲನ್ನು ಖಾನೆಯೊಳಗೆ ಬಿಟ್ಟು, ಸಾಲಿನಲ್ಲಿದ್ದ ಮುಂದಿನವರ ಎಡಗೈಗಾಗಿ ಕೈ ಚಾಚಿದರು. ಅಜ್ಜಿ ಹಲ್ಲಿನಿಂದ ದಾರ ಕಡಿದು, ಪಕ್ಕದವಳಿಗೆ ಮೆಚ್ಚುಗೆಯಿಂದ ಹೇಳಿದಳು:

“ಲಾರಿಯೋನಿಗೆ ಇಷ್ಟು ಹೇಳೋಕೆ ಒಂದು ವಾರ ಬೇಕಾಯ್ತು. ಇವನು ನೋಡು, ಒಂದೇ ಸಲಕ್ಕೆ ಹೇಳ್ಬಿಟ್ಟ.”